ಜಾಕೆಟ್ಟಿನಲ್ಲಿ ಐದು ಬೊಗಸೆ ಅಕ್ಕಿ

2024ರ ಡಿಸೆಂಬರ್ 8, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿದ್ದ ಹಡಗೊಂದರ ಮೂರನೇ ಅಂತಸ್ತಿನಲ್ಲಿ ನನ್ನ ಅಕ್ಕನ ಮಳೆ ಜಾಕೆಟ್ಟಿನ ಬಲಜೇಬಿನಿಂದ ಅಕ್ಕಿ ಸುರಿಯಿತು. ಜಾಕೆಟ್ಟನ್ನು ತಲೆಕೆಳಗಾಗಿ ಹಿಡಿದಿದ್ದ ತಪಾಸಣೆಯ ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಇನ್ನೊಮ್ಮೆ ಕೊಡವಿದರು. ಇನ್ನಷ್ಟು ಅಕ್ಕಿ ಬಿತ್ತು. ಅಕ್ಕಿಗೆ ಅರಿಸಿನದ ಬಣ್ಣವಿತ್ತು.

ಮರುದಿನ ನಾವು ಇಳಿಯಬೇಕಿದ್ದ ದ್ವೀಪದಲ್ಲಿ ಊರಿಲ್ಲ, ಮರವೂ ಇಲ್ಲ. ಪೆಂಗ್ವಿನ್‌ಗಳಿವೆ, ಸೀಲ್‌ಗಳಿವೆ. ಹೊರಗಿನ ಒಂದು ಬೀಜವೂ ಅಲ್ಲಿ ಕಾಲಿಡಬಾರದು ಎಂಬುದು ನಿಯಮ. ಹಾಗಾಗಿ ಇಳಿಯುವ ಹಿಂದಿನ ದಿನ ಪ್ರತಿಯೊಬ್ಬ ಪ್ರಯಾಣಿಕರ ಬಟ್ಟೆ, ಬೂಟು, ಚೀಲಗಳನ್ನು ಚಿಮುಟ ಮತ್ತು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಪರೀಕ್ಷಿಸುತ್ತಾರೆ. ನನ್ನ ಬೂಟಿನ ಅಡಿಯಲ್ಲಿ ಒಣಗಿದ ಹುಲ್ಲಿನ ಎಳೆಯೊಂದು ಸಿಕ್ಕಿತ್ತು. ಅದನ್ನು ಚಿಕ್ಕ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ನನ್ನ ಕೋಣೆಯ ನಂಬರು ಬರೆದು, ನನ್ನನ್ನು ಬಿಟ್ಟರು. ನನ್ನ ಹಿಂದೆ ನಿಂತಿದ್ದವಳು ಅಕ್ಕ.

ಅಕ್ಕಿ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಬರೆಯುವ ಮೊದಲು ಅಕ್ಕ ಅಲ್ಲಿಗೆ ಯಾಕೆ ಬಂದಳು ಎಂಬುದನ್ನು ಬರೆಯಬೇಕು.

ಅಕ್ಕ ಟಿ. ನರಸೀಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಹಾರಲಾರದ ಹಕ್ಕಿಗಳ ವಿಷಯ ಬಂದಾಗ ಅವಳು ತಪ್ಪದೆ ರಾಜ ಪೆಂಗ್ವಿನ್ ಬಗ್ಗೆ ಹೇಳುತ್ತಿದ್ದಳು. ಅದು ಗೂಡು ಕಟ್ಟುವುದಿಲ್ಲ. ಇಡುವುದು ಒಂದೇ ಮೊಟ್ಟೆ. ಅದನ್ನು ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯನ್ನು ಅದರ ಮೇಲೆ ಇಳಿಬಿಟ್ಟು, ಗಂಡು ಹೆಣ್ಣು ಸರದಿಯ ಮೇಲೆ ನಿಂತೇ ಕಾವು ಕೊಡುತ್ತವೆ. ಇಷ್ಟು ಹೇಳುವಾಗ ಪ್ರತಿ ವರ್ಷ ಮಕ್ಕಳು ನಗುತ್ತಿದ್ದರು, ಪ್ರತಿ ವರ್ಷ ಯಾರಾದರೂ ಒಬ್ಬರು ಎದ್ದು ನಿಂತು ‘ಮಿಸ್, ನೀವು ನೋಡಿದೀರಾ?’ ಎನ್ನುತ್ತಿದ್ದರು. ಅಕ್ಕ ‘ಪುಸ್ತಕದಲ್ಲಿದೆ’ ಎನ್ನುತ್ತಿದ್ದಳು. ಒಂದು ವರ್ಷ ತಪಾಸಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಾಹೇಬರು ಆಮೇಲೆ ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೆ, ‘ಮೇಡಂ, ಮಕ್ಳಿಗೆ ಕತೆ ಹೇಳೋಕೆ ಬೇರೆ ಪೀರಿಯಡ್ ಇದೆ’ ಅಂದರು. ಆ ಮಾತನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೆ ಎಂದು ನಾನು ಲೆಕ್ಕ ಇಟ್ಟಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ‘ನೋಡ್ಕೊಂಡು ಬತ್ತೀನಿ’ ಎಂದಳು.

ಭಾವ ಜೀವಮಾನವಿಡೀ ನಾಲೆಗೆ ನೀರು ಬಿಡಿಸುವ ಕೆಲಸದಲ್ಲಿದ್ದವರು. ‘ಎಲ್ಡು ಒಳೆ ಸೇರೋ ಊರ್ನಲ್ಲಿದ್ದೀನಿ. ನಾಲೆ ಏರಿ ಮ್ಯಾಲೇ ತಲೆ ಬೆಳ್ಳಗಾಯ್ತು. ಇನ್ನೂ ನೀರು ನೋಡಾಕೆ ನಾನು ಅಷ್ಟು ದೂರ ಓಗ್ಬೇಕಾ?’ ಎಂದರು.

‘ನೀರಲ್ಲ, ಮೊಟ್ಟೆ.’

‘ಅದೇಯ. ಪೋನಲ್ಲಿ ಬೇಕಾದಂಗೆ ವಿಡಿಯೊ ಅವೆಯಲ್ಲ, ಕೂತ್ಕೊಂಡು ನೋಡು.’

‘ಮಕ್ಳು ಕೇಳಿದ್ದು ನೀವು ನೋಡಿದೀರಾ ಅಂತ. ಫೋನು ನೋಡಿದೆಯಾ ಅಂತಲ್ಲ.’

ಭಾವ ಮಜ್ಜಿಗೆ ಹಾಕಿಸಿಕೊಂಡರು. ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೈಸೂರಿನ ಪತ್ರಿಕೆಯೊಂದರಲ್ಲಿ ಬೇರೆಯವರು ಬರೆದ ಸುದ್ದಿ ತಿದ್ದಿ ನಿವೃತ್ತನಾದವನು. ಮನೆಯಲ್ಲಿ ನನಗೆ ಬೇರೆ ಕೆಲಸವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನವೆಂಬರ್ 28, ಗುರುವಾರ, ನಾವು ನಂಜನಗೂಡಿನ ತೌರುಮನೆಯಿಂದ ಹೊರಟೆವು. ಅಲ್ಲಿ ನಮ್ಮಣ್ಣ ಮತ್ತು ಅತ್ತಿಗೆ ಇದ್ದಾರೆ. ಅಮ್ಮ ತೀರಿಕೊಂಡ ಮೇಲೆ ಅಕ್ಕನಿಗೆ ಮಡಿಲು ತುಂಬುವವರು ಅತ್ತಿಗೆ. ತೌರಿಗೆ ಬಂದ ಹೆಣ್ಣುಮಗಳನ್ನು ಬರಿಮಡಿಲಲ್ಲಿ ಕಳಿಸುವುದಿಲ್ಲ: ಸೆರಗೊಡ್ಡಿಸಿ ಅರಿಸಿನ ಸವರಿದ ಐದು ಬೊಗಸೆ ಅಕ್ಕಿ, ಒಂದು ಅಚ್ಚು ಬೆಲ್ಲ, ಕಾಯಿ, ವೀಳ್ಯದೆಲೆ, ಅಡಿಕೆ, ಅರಿಸಿನದ ಕೊಂಬು ಹಾಕುತ್ತಾರೆ. ಹಾಕಿಸಿಕೊಂಡವಳು ಅದರಲ್ಲಿ ಒಂದು ಚಿಟಿಕೆಯನ್ನು ತಟ್ಟೆಗೆ ವಾಪಸು ಹಾಕಬೇಕು, ತೌರು ಬರಿದಾಗಬಾರದೆಂದು. ಆ ಅಕ್ಕಿಯನ್ನು ದಾರಿಯಲ್ಲಿ ಚೆಲ್ಲುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಅದು ಅವಳ ಮನೆಯಲ್ಲಿ ಬೇಯಬೇಕು. ಮೂವತ್ತು ವರ್ಷ ವಿಜ್ಞಾನ ಹೇಳಿದ ಅಕ್ಕ ಇದರಲ್ಲಿ ಒಂದನ್ನೂ ಪ್ರಶ್ನಿಸಿದ್ದನ್ನು ನಾನು ಕಂಡಿಲ್ಲ.

ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಪಕ್ಕದ ಮನೆಯ ಮೂವರು ಹೆಂಗಸರು ಹಡಗಿನ ಬಟ್ಟೆ ನೋಡಲು ಬಂದರು. ಅವರ ಒತ್ತಾಯಕ್ಕೆ ಅಕ್ಕ ಎಲ್ಲವನ್ನೂ ಹಾಕಿಕೊಂಡಳು: ದಪ್ಪ ಒಳಪದರದ ಕೆಂಪು ಜಾಕೆಟ್ಟು, ನೀರು ಹಿಡಿಯದ ಪ್ಯಾಂಟು, ಮಂಡಿಯವರೆಗೆ ಬೂಟು, ಕೈಗವಸು, ಕಿವಿ ಮುಚ್ಚುವ ಟೋಪಿ. ನಂಜನಗೂಡಿನಲ್ಲಿ ಅವತ್ತು ಒಳ್ಳೆ ಬಿಸಿಲು. ಒಬ್ಬಾಕೆ ‘ಅಯ್ಯೋ, ಗ್ಯಾಸ್ ರಿಪೇರಿಯೋರ ತರ ಕಾಣ್ತೀರ ಕಣ್ರೀ’ ಎಂದಳು. ನಕ್ಕು ಮಾತಾಡುತ್ತ ಹೊತ್ತು ಹೋಯಿತು. ಒಂದು ಇಪ್ಪತ್ತಕ್ಕೆ ಅತ್ತಿಗೆ ಒಳಗಿನಿಂದ ಓಡಿಬಂದರು.

‘ಒಂದೂವರೆಗೆ ರಾವುಕಾಲ ಕಣೇ! ಬಾ ಬಾ, ಮಡಿಲೊಡ್ಡು.’

‘ಸೀರೆ ಉಟ್ಕೊಂಡು ಬತ್ತೀನಿ ಅತ್ತಿಗೆ.’

‘ನೀನು ಬೂಟು ಬಿಚ್ಚೋ ಒತ್ಗೆ ರಾವುಕಾಲ ಬಂದು ಓಯ್ತದೆ. ಒಸಾ ಬಟ್ಟೆ ತಾನೆ ಇದು? ಒಸಾ ಬಟ್ಟೆಗೆ ಆಕಿದ್ರೆ ಏನೂ ಆಗಾಕಿಲ್ಲ. ಇಡ್ಕೋ.’

ಅಕ್ಕ ಪೂರ್ವಕ್ಕೆ ಮುಖಮಾಡಿ, ಜಾಕೆಟ್ಟಿನ ಕೆಳಅಂಚನ್ನು ಎರಡು ಕೈಯಲ್ಲಿ ಮೇಲೆತ್ತಿ ಹಿಡಿದು ನಿಂತಳು. ಅತ್ತಿಗೆ ಐದು ಬೊಗಸೆ ಹಾಕಿದರು. ಸೀರೆಯ ಸೆರಗು ಬಟ್ಟಲಿನ ಹಾಗೆ ತಗ್ಗುತ್ತದೆ, ಜಾಕೆಟ್ಟು ತಗ್ಗುವುದಿಲ್ಲ. ಮೊದಲ ಬೊಗಸೆ ನಿಂತಿತು. ಎರಡನೆಯದು ಜೇಬಿಗೆ ಹೋಯಿತು. ಮೂರನೆಯದಕ್ಕೆ ಅಕ್ಕ ‘ಎಲ್ಲೋ ಒಳಗೆ ಹೋಗ್ತಿದೆ’ ಎಂದಳು. ಅತ್ತಿಗೆ ‘ಓಗ್ಲಿ, ನಿನ್ ಮೈಮೇಲೇ ತಾನೆ ಇರೋದು’ ಎಂದರು. ಚಿಟಿಕೆ ಅಕ್ಕಿ ವಾಪಸು ಹಾಕಲು ಅಕ್ಕ ಕೈಗವಸಿನ ಬೆರಳಲ್ಲೇ ಪ್ರಯತ್ನಿಸಿದಳು, ಆಗಲಿಲ್ಲ, ಗವಸು ತೆಗೆದಳು, ಗವಸಿನೊಳಗೂ ಅಕ್ಕಿ ಇತ್ತು. ಒಂದು ಇಪ್ಪತ್ತೇಳಕ್ಕೆ ಶಾಸ್ತ್ರ ಮುಗಿಯಿತು. ಸಿಕ್ಕಷ್ಟು ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿದೆವು. ಆ ಗಂಟು, ಕಾಯಿ, ಬೆಲ್ಲ, ಎಲೆ, ಅಡಿಕೆ, ಕೊಂಬನ್ನು ಟಿ. ನರಸೀಪುರದ ಮನೆಯಲ್ಲಿ ಇಟ್ಟು ಬಂದೆವು. ಆಮೇಲೆ ನಾಲ್ಕು ವಿಮಾನ ನಿಲ್ದಾಣ ದಾಟಿದೆವು. ಜಾಕೆಟ್ಟಿನಲ್ಲಿ ಉಳಿದ ಅಕ್ಕಿಯ ಬಗ್ಗೆ ಯಾರೂ ಕೇಳಲಿಲ್ಲ.

ಕೇಳಿದ್ದು ಹಡಗಿನವರು. ಹತ್ತುವಾಗಲೇ ಕೊಟ್ಟಿದ್ದ ಒಂದು ನಮೂನೆಯಲ್ಲಿ ‘ಬೀಜಗಳೇನಾದರೂ ಇವೆಯೇ?’ ಎಂಬ ಪ್ರಶ್ನೆಯಿತ್ತು. ಅಕ್ಕ ‘ಇಲ್ಲ’ ಎಂದು ಗುರುತು ಹಾಕಿದ್ದಳು.

ಈಗ ಆ ನಮೂನೆಯನ್ನು ಮುಂದಿಟ್ಟುಕೊಂಡು ಅಧಿಕಾರಿ, ಮೂವತ್ತರ ಆಸುಪಾಸಿನ, ತಾಳ್ಮೆಯ ಹೆಂಗಸು, ನೆಲದ ಮೇಲಿನ ಅಕ್ಕಿಯನ್ನು ತೋರಿಸಿದರು.

‘ಇದು ಬೀಜವಲ್ಲವೇ?’

‘ಅಲ್ಲ,’ ಎಂದಳು ಅಕ್ಕ. ತರಗತಿಯ ಇಂಗ್ಲಿಷಿನಲ್ಲಿ, ನಿಧಾನವಾಗಿ, ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಹೇಳುವಂತೆ ಹೇಳಿದಳು. ಹೊಟ್ಟಿನೊಳಗೆ ಇರುವವರೆಗೆ ಅದು ಭತ್ತ. ಭತ್ತ ಬೀಜ, ಮೊಳೆಯುತ್ತದೆ. ಮಿಲ್ಲಿನಲ್ಲಿ ಹೊಟ್ಟು ಹಾರಿಸಿ ಪಾಲಿಶ್ ಮಾಡುವಾಗ ಮೊಳಕೆಯ ಭಾಗವೂ ಉದುರಿಹೋಗುತ್ತದೆ. ಉಳಿಯುವುದು ಪಿಷ್ಟ. ‘ನೀವು ಇದನ್ನು ನೂರು ವರ್ಷ ನೀರಿನಲ್ಲಿಡಿ. ಗಂಜಿಯಾಗುತ್ತದೆ, ಗಿಡವಾಗುವುದಿಲ್ಲ.’

ಅಧಿಕಾರಿ ಒಂದು ಕಾಳನ್ನು ಭೂತಗನ್ನಡಿಯಲ್ಲಿ ನೋಡಿದರು. ಪಕ್ಕದವರನ್ನು ಕರೆದು ಮಾತಾಡಿದರು. ಆಮೇಲೆ, ಅಕ್ಕಿಯನ್ನು ಗುಡಿಸಿ ತೆಗೆದರೆ ಸಾಕು, ಜಾಕೆಟ್ಟನ್ನು ಬಿಡಬಹುದು ಎಂದು ಒಪ್ಪಿ, ಪೆನ್ನಿನ ಮುಚ್ಚಳ ತೆಗೆದರು.

ಗುಡಿಸಿದ ಅಕ್ಕಿ ಬಿಳಿ ತಟ್ಟೆಯೊಂದರಲ್ಲಿತ್ತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ತೋರುಬೆರಳಿನಿಂದ ಒಂದು ಕಾಳನ್ನು ತಟ್ಟೆಯ ಅಂಚಿಗೆ ಸರಿಸಿದಳು.

‘ಇದು ಭತ್ತ,’ ಎಂದಳು. ‘ಇದು ಮೊಳೆಯುತ್ತೆ.’

ನಾನು ಕನ್ನಡದಲ್ಲಿ, ‘ಅಕ್ಕ, ಅವರು ನೋಡಿರ್ಲಿಲ್ಲ’ ಎಂದೆ.

‘ನಾನು ನೋಡಿದ್ನಲ್ಲೋ.’

ಅಂಗಡಿ ಅಕ್ಕಿಯಾಗಿದ್ದರೆ ಅದು ಇರುತ್ತಿರಲಿಲ್ಲ. ಮಡಿಲಿಗೆ ಅಂಗಡಿ ಅಕ್ಕಿ ಹಾಕಬಾರದೆಂದು ಅತ್ತಿಗೆ ಹೆಡತಲೆ ಎಂಬ ಊರಿನ ನಮ್ಮ ಗದ್ದೆಯ ಭತ್ತವನ್ನು ಮಿಲ್ಲಿಗೆ ಒಂದೇ ಸಲ ಹಾಕಿಸಿ ತರಿಸಿದ್ದರು. ಹಾಗೆ ಮಾಡಿಸಿದ ಅಕ್ಕಿಯಲ್ಲಿ ಹೊಟ್ಟು ಬಿಡದ ಕಾಳು ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತದೆ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಜಾಕೆಟ್ಟಿನ ಒಳಪದರದೊಳಗೆ ಇನ್ನೂ ಅಕ್ಕಿ ಇದೆ, ಅದು ಕೈಗೇ ಸಿಗುತ್ತದೆ. ಅಲ್ಲಿ ಇನ್ನೆಷ್ಟು ಭತ್ತ ಇದೆ ಎಂದು ಯಾರು ಹೇಳಬೇಕು? ಎಲ್ಲವೂ ಹೊರಬಂದು, ಎಲ್ಲವನ್ನೂ ನೋಡಿ ಮುಗಿಯುವವರೆಗೆ ಈ ಜಾಕೆಟ್ಟು ದ್ವೀಪಕ್ಕೆ ಹೋಗುವಂತಿಲ್ಲ. ಜಾಕೆಟ್ಟಿಲ್ಲದೆ ಅಕ್ಕನೂ ಹೋಗುವಂತಿಲ್ಲ. ಹಡಗಿನ ಉಗ್ರಾಣದಿಂದ ಒಂದು ಜಾಕೆಟ್ಟು ತಂದು ಕೊಟ್ಟರು. ಅಕ್ಕನ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಜಾಕೆಟ್ಟು ಹಿಮ್ಮಡಿಗೆ ಬಂತು. ಹಕ್ಕಿಜ್ವರದ ಕಾರಣಕ್ಕೆ ದ್ವೀಪದಲ್ಲಿ ಬೂಟಿನ ಅಟ್ಟೆ ಬಿಟ್ಟು ಬೇರೇನೂ ನೆಲಕ್ಕೆ ತಗುಲಬಾರದು, ಕೂರಬಾರದು, ಮಂಡಿಯೂರಬಾರದು ಎಂಬ ಇನ್ನೊಂದು ನಿಯಮವಿತ್ತು. ಉಗ್ರಾಣದ ಜಾಕೆಟ್ಟಿನಲ್ಲಿ ಅಕ್ಕ ಬಗ್ಗಿದರೆ ನಿಯಮ ಮುರಿಯುತ್ತಿತ್ತು. ಅದನ್ನು ವಾಪಸು ಕಳಿಸಿದರು.

ಅಕ್ಕ ನನ್ನ ಕಡೆ ತಿರುಗಿದಳು. ‘ನಾಳೆ ಒಂದೇ ದಿನ ಅಲ್ವೇನೋ ಇಳಿಸೋದು?’

‘ಹೌದು.’

‘ಕತ್ತರಿ ತರಿಸು.’

ಊಟದ ಹಾಲಿನ ಮೂಲೆಯ ಮೇಜಿನ ಮೇಲೆ ಅಕ್ಕ ಒಳಪದರದ ಹೊಲಿಗೆ ಬಿಚ್ಚಿದಳು. ಒಳಗಿನ ಹತ್ತಿಯಂಥ ತುಂಬುವಸ್ತುವಿಗೆ ಅಕ್ಕಿ ಅಂಟಿಕೊಂಡಿತ್ತು. ಚಿಮುಟದಲ್ಲಿ ಒಂದೊಂದೇ ಕೀಳಬೇಕಿತ್ತು. ಅಧಿಕಾರಿ ಕೀಳುತ್ತಿದ್ದರು, ಅಕ್ಕ ತಟ್ಟೆಯಲ್ಲಿ ಆರಿಸುತ್ತಿದ್ದಳು, ನಾನು ಆರಿಸಿದ್ದನ್ನು ಡಬ್ಬಿಗೆ ಸುರಿಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ವಯಸ್ಸಾದ ದಂತವೈದ್ಯರೊಬ್ಬರು ಎದ್ದು ಬಂದು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಅಕ್ಕ ಒಂದು ಭತ್ತದ ಕಾಳನ್ನು ತೋರಿಸಿದಳು. ಅವರು ಕುರ್ಚಿ ಎಳೆದುಕೊಂಡು ಕೂತರು. ಅವರ ಹೆಂಡತಿಯೂ ಕೂತರು. ಹನ್ನೆರಡು ಗಂಟೆಯ ಹೊತ್ತಿಗೆ ಮೂರು ಮೇಜು ಸೇರಿಸಿ ಹದಿನಾಲ್ಕು ಜನ ಅಕ್ಕಿ ಆರಿಸುತ್ತಿದ್ದರು. ಅವತ್ತು ನಿಗದಿಯಾಗಿದ್ದ ಸೀಲ್‌ಗಳ ಉಪನ್ಯಾಸಕ್ಕೆ ಆರು ಜನ ಹೋಗಿದ್ದರು. ಉಪನ್ಯಾಸ ಬೇಗ ಮುಗಿಸಿ ಉಪನ್ಯಾಸಕರೂ ಬಂದರು.

ಅಕ್ಕ ಅವರ ಹಿಂದೆ ಓಡಾಡುತ್ತಿದ್ದಳು. ‘ಹಂಗೆ ಗುಡ್ಡೆ ಹಾಕ್ಕೋಬಾರ್ದು, ಹರಡ್ಬೇಕು,’ ಎಂದು ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ‘ನಿಮ್ಮ ಕಡೆಯಿಂದ ಆ ಕಡೆಗೆ ತಳ್ಳಿ. ಎರಡೆರಡು ಬೆರಳಲ್ಲಿ.’ ದಂತವೈದ್ಯರಿಗೆ ಒಂದು ಭತ್ತ ಸಿಕ್ಕಾಗ ಅವರು ಅದನ್ನು ಎತ್ತಿ ಹಿಡಿದು ಎದ್ದು ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಬ್ಬಾಕೆ ತನಗೆ ಒಂದೂ ಸಿಗಲಿಲ್ಲವೆಂದು ಜಾಗ ಬದಲಾಯಿಸಿದರು.

ಆಗ ಅಧಿಕಾರಿ ಇನ್ನೊಂದು ವಿಷಯ ಹೇಳಿದರು: ಆರಿಸಿದ ಅಕ್ಕಿಯನ್ನು ಹಡಗಿನ ಕಸ ಸುಡುವ ಒಲೆಯಲ್ಲಿ ಸುಡಬೇಕು. ಅಕ್ಕ ಆಗುವುದಿಲ್ಲ ಎಂದಳು. ಅಧಿಕಾರಿ ಆಗಲೇಬೇಕು ಎಂದರು. ಅಕ್ಕ ಕುರ್ಚಿಯಲ್ಲಿ ಕೂತು, ‘ಅತ್ತಿಗೆಗೆ ಫೋನ್ ಮಾಡು’ ಎಂದಳು. ನಂಜನಗೂಡಿನಲ್ಲಿ ಆಗ ರಾತ್ರಿಯ ಊಟದ ಹೊತ್ತು.

ನಾನು ವಿಷಯ ತಿಳಿಸಿದೆ.

‘ಸುಡಾದಾ? ಮಡಿಲಕ್ಕಿ ಸುಟ್ಟೋರುಂಟಾ? ಯಾವಳಂತೆ ಅವಳು?’

‘ಅಲ್ಲಿಯ ನಿಯಮ ಅತ್ತಿಗೆ. ಮನೆಗೆ ತಗೊಂಡು ಬರೋಕೆ ಬಿಡಲ್ವಂತೆ.’

‘ಅಡಗಲ್ಲಿ ಎಷ್ಟು ದಿನ ಇರ್ತೀರಪ್ಪಾ?’

‘ಹದಿನಾರು ದಿನ.’

‘ಅಲ್ಲೇ ಉಣ್ಣಾದು, ಅಲ್ಲೇ ಮಲಗಾದು?’

‘ಹೌದು.’

‘ಅಂಗಾರೆ ಅದೇ ಮನೆ. ಬೇಯಿಸಿ ಉಣ್ರಿ. ಬೆಲ್ಲ ಜಾಸ್ತಿ ಆಕ್ಬೇಡಿ, ಅವಳ್ಗೆ ಸುಗರ್ ಐತೆ.’

ನಾನು ಇದನ್ನು ಅಧಿಕಾರಿಗೆ ಅನುವಾದಿಸಿದೆ. ಅವರು ಕ್ಯಾಪ್ಟನ್‌ಗೆ ಫೋನ್ ಮಾಡಿದರು. ಕ್ಯಾಪ್ಟನ್, ಬೇಯಿಸಿದ ಮೇಲೆ ಯಾವ ಬೀಜವೂ ಮೊಳೆಯುವುದಿಲ್ಲವಷ್ಟೇ ಎಂದು ಕೇಳಿದರಂತೆ. ಅಕ್ಕ ಮೊಳೆಯುವುದಿಲ್ಲ ಎಂದು ಬರೆದು ಸಹಿ ಮಾಡಿದಳು. ಭತ್ತದ ಏಳು ಕಾಳುಗಳನ್ನು ಮಾತ್ರ ಪ್ರತ್ಯೇಕವಾಗಿ ಕವರಿಗೆ ಹಾಕಿ ಮೊಹರು ಮಾಡಿದರು. ಉಳಿದ ಅಕ್ಕಿಯಿಂದ ಅಡುಗೆಯವರು ಪಾಯಸ ಮಾಡಿದರು. ಬೆಲ್ಲವಿರಲಿಲ್ಲ, ಕಂದು ಸಕ್ಕರೆ ಹಾಕಿದರು. ಆರಿಸಿದ ಎಲ್ಲರಿಗೂ ಒಂದೊಂದು ಚಿಕ್ಕ ಬಟ್ಟಲು ಬಂತು. ಪಾಯಸಕ್ಕೆ ಜಾಕೆಟ್ಟಿನ ವಾಸನೆಯಿತ್ತು. ಯಾರೂ ಬಿಡಲಿಲ್ಲ. ವಿಲೇವಾರಿಯ ಕಾಲಂನಲ್ಲಿ ಅಧಿಕಾರಿ ‘ತಿನ್ನಲಾಯಿತು’ ಎಂದು ಬರೆದದ್ದನ್ನು ನಾನು ನೋಡಿದೆ.

ಆದರೆ ಜಾಕೆಟ್ಟಿನ ಕೆಲಸ ಮುಗಿದಿರಲಿಲ್ಲ. ಮರುದಿನ, ಸೋಮವಾರ, ಬೆಳಿಗ್ಗೆ ಎಂಟಕ್ಕೆ ರಬ್ಬರ್ ದೋಣಿಗಳು ದ್ವೀಪಕ್ಕೆ ಹೊರಟವು. ನಮ್ಮ ಗುಂಪನ್ನು ಒಂಬತ್ತೂವರೆಗೆ ಕರೆದರು. ಆಗ ಅಧಿಕಾರಿ ಟಾರ್ಚು ಹಿಡಿದು ತೋಳಿನೊಳಗೆ ನೋಡುತ್ತಿದ್ದರು, ಅಲ್ಲಿಂದ ಇನ್ನೂ ಎರಡು ಅಕ್ಕಿ ಬಂದವು. ಎರಡೂ ಬರೀ ಅಕ್ಕಿಯೇ. ಅಕ್ಕ ನನಗೆ ‘ನೀನಾದ್ರೂ ಹೋಗೋ’ ಎಂದಳು. ನಾನು ಹೋಗಲಿಲ್ಲ. ಮಧ್ಯಾಹ್ನ ದಂತವೈದ್ಯರು ವಾಪಸು ಬಂದು, ದಡದ ತುಂಬ ರಾಜ ಪೆಂಗ್ವಿನ್‌ಗಳೇ, ಸಾವಿರಗಟ್ಟಲೆ ನಿಂತಿವೆ ಎಂದರು. ಮೊಟ್ಟೆ ಕಂಡಿರಾ ಎಂದು ಅಕ್ಕ ಕೇಳಿದಳು. ಹೊಟ್ಟೆಯ ಕೆಳಗೆ ಉಬ್ಬು ಕಂಡೆ, ಮೊಟ್ಟೆ ಕಾಣಲಿಲ್ಲ ಎಂದರು.

ಎರಡೂವರೆಗೆ ಗಾಳಿ ಎದ್ದಿತು. ಮೂರು ಗಂಟೆಗೆ, ಇದು ಕೊನೆಯ ದೋಣಿ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಅಧಿಕಾರಿ ಒಳಪದರವನ್ನು ಪೂರ್ತಿ ಕಿತ್ತು ಬದಿಗಿಟ್ಟರು. ಹೊರಗಿನ ಬಟ್ಟೆಯ ಹೊಲಿಗೆಗಳಿಗೆಲ್ಲ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪು ಅಂಟಿಸಿ, ಸಹಿ ಮಾಡಿದರು. ಒಳಪದರವಿಲ್ಲದ ಆ ಜಾಕೆಟ್ಟಿನೊಳಗೆ ಅಕ್ಕ ನಾಲ್ಕು ಸ್ವೆಟರ್ ಹಾಕಿಕೊಂಡಿದ್ದಳು, ಒಂದು ನನ್ನದು. ಕೈ ಕೆಳಗಿಳಿಯುತ್ತಿರಲಿಲ್ಲ. ಇಬ್ಬರು ನಾವಿಕರು ಅವಳನ್ನು ಎರಡು ಕಡೆ ಹಿಡಿದು ದೋಣಿಗೆ ಇಳಿಸಿದರು.

ಮೂರು ಮೂವತ್ತೆಂಟಕ್ಕೆ ದಡ ಸೇರಿದೆವು. ನಾಲ್ಕಕ್ಕೆ ವಾಪಸು ಎಂದರು. ದಂತವೈದ್ಯರು ಹೇಳಿದ್ದು ನಿಜವಾಗಿತ್ತು. ವಾಸನೆಯ ಬಗ್ಗೆ ಅವರು ಹೇಳಿರಲಿಲ್ಲ. ಹಕ್ಕಿಗಳಿಂದ ಐದು ಮೀಟರ್ ದೂರ ನಿಲ್ಲಬೇಕಿತ್ತು. ಅಕ್ಕ ಹೊಟ್ಟೆಯ ಕೆಳಗೆ ಉಬ್ಬಿದ್ದ ಒಂದು ಹಕ್ಕಿಯನ್ನು ಆರಿಸಿಕೊಂಡು ಅದರ ಎದುರು ನಿಂತಳು. ಅದು ತಲೆ ಓರೆಮಾಡಿ ಅವಳ ಟೇಪನ್ನು ನೋಡಿತು. ಮಡಿಕೆ ಕೆಳಗಿನವರೆಗೆ ಇಳಿಬಿದ್ದಿತ್ತು, ಏನೂ ಕಾಣುತ್ತಿರಲಿಲ್ಲ. ಕೂತರೆ ಕಾಣುತ್ತಿತ್ತೋ ಏನೋ, ಕೂರುವಂತಿರಲಿಲ್ಲ. ಅಕ್ಕ ನಿಂತೇ ಇದ್ದಳು. ಅದೂ ನಿಂತೇ ಇತ್ತು.

‘ಏನೂ ಮಾತಾಡ್ಬೇಡ ಕಣೋ,’ ಎಂದಳು. ನಾನು ಮಾತಾಡಿರಲಿಲ್ಲ.

ಮೂರು ಐವತ್ತೆರಡಕ್ಕೆ ನಾನು ಗಡಿಯಾರ ನೋಡಿಕೊಂಡೆ. ಅದೇ ಹೊತ್ತಿಗೆ ಅಕ್ಕ ‘ಅಗೋ’ ಎಂದಳು. ನಾನು ತಲೆಯೆತ್ತಿದಾಗ ಹಕ್ಕಿ ಮಡಿಕೆಯನ್ನು ಕೊಕ್ಕಿನಿಂದ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿತ್ತು. ನಾಲ್ಕು ಗಂಟೆಗೆ ದೋಣಿ ಹೊರಟಿತು. ಅಕ್ಕನ ಫೋನು ನಾಲ್ಕು ಸ್ವೆಟರಿನ ಕೆಳಗಿತ್ತು. ಫೋಟೊ ಇಲ್ಲ.

ಟಿ. ನರಸೀಪುರದಲ್ಲಿ ಭಾವ ಎಲ್ಲವನ್ನೂ ಕೇಳಿ, ‘ಪೋಟೊ ಎಲ್ಲಿ?’ ಎಂದರು. ಅಕ್ಕ ನನ್ನ ಕಡೆ ಕೈ ತೋರಿಸಿ, ‘ಇವ್ನಿದ್ದ’ ಎಂದಳು. ಭಾವ ನನ್ನನ್ನು ಕೇಳಿದರು. ಅಕ್ಕ ‘ಅಗೋ’ ಎಂದದ್ದು ಕೇಳಿಸಿತು, ಮೊಟ್ಟೆ ನಾನು ನೋಡಲಿಲ್ಲ ಎಂದೆ.

‘ಪಕ್ಕದಲ್ಲೇ ನಿಂತಿದ್ಯಲ್ಲೋ, ನೋಡ್ದೆ ಅಂದ್ರೆ ನಿನ್ ಗಂಟೇನ್ ಹೋಗುತ್ತೆ?’ ಎಂದು ಅಕ್ಕ ರೇಗಿದಳು.

‘ನಾನು ನೋಡ್ಲಿಲ್ವಲ್ಲ ಅಕ್ಕ.’

ಅವಳು ಎರಡು ವಾರ ನನಗೆ ಫೋನ್ ಮಾಡಲಿಲ್ಲ.

2025ರ ಜನವರಿ 20, ಸೋಮವಾರ, ಅವಳ ಹಳೆಯ ಶಾಲೆಯವರು ಪ್ರವಾಸದ ಬಗ್ಗೆ ಮಾತಾಡಲು ಅವಳನ್ನು ಕರೆದರು. ನನ್ನನ್ನೂ ಕರೆದುಕೊಂಡು ಹೋದಳು. ಎಂಟನೇ ತರಗತಿಯಲ್ಲಿ ಐವತ್ತರ ಹತ್ತಿರ ಮಕ್ಕಳಿದ್ದರು. ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಳ್ಳುವ ಭಾಗ ಬಂದಾಗ ಅವರು ನಕ್ಕರು. ಎರಡನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

‘ಮಿಸ್, ನೀವು ನೋಡಿದೀರಾ?’

‘ನೋಡಿದೀನಿ.’

‘ಹೋಗೋಕೆ ಎಷ್ಟು ದಿನ ಆಗುತ್ತೆ ಮಿಸ್?’

‘ಹನ್ನೊಂದು.’

‘ಎಷ್ಟೊತ್ತು ನೋಡಿದ್ರಿ?’

‘ನಾಲ್ಕು ಸೆಕೆಂಡು,’ ಎಂದಳು ಅಕ್ಕ. ಹುಡುಗಿ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಕೂತಳು.